ಮಾವನ ಆವಿಗೆ ಹಸಿಯಾದ ವರ್ಷ

ಮಣ್ಣು ಮಡಕೆಯಾಗುವುದು ತಿಗರಿಯ ಮೇಲೆ ಎಂದು ಬಹಳ ಜನ ತಿಳಿದಿದ್ದಾರೆ. ತಿಗರಿ ತಿರುಗುವುದು ನೋಡಲು ಚೆಂದ, ಅದಕ್ಕೇ ಎಲ್ಲರೂ ಅಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಆದರೆ ತಿಗರಿಯಿಂದ ಇಳಿದದ್ದು ಮಡಕೆಯಲ್ಲ, ಮಡಕೆಯ ಆಕಾರದ ಕೆಸರು. ಹದಿನೈದು ದಿನ ನೆರಳಲ್ಲಿ ಒಣಗಿಸಿ, ಗಟ್ಟಿಯಾಯಿತಲ್ಲ ಎಂದು ಅದಕ್ಕೆ ನೀರು ತುಂಬಿ ನೋಡಿ. ನೀವು ಒಂದು ಎಲೆಯಡಿಕೆ ಹಾಕಿ ಮುಗಿಸುವಷ್ಟರಲ್ಲಿ ತಳ ಕಳಚಿ ಬೀಳುತ್ತದೆ. ಬೆಂಕಿಯಲ್ಲಿ ಒಂದು ಹದ ದಾಟಿದ ಮೇಲೆ ಮಾತ್ರ ಮಣ್ಣು ಹಿಂದಕ್ಕೆ ತಿರುಗುವುದಿಲ್ಲ. ಆಮೇಲೆ ಒಡೆದರೆ ಬೋಕಿ, ಬೋಕಿಯನ್ನು ಕುಟ್ಟಿದರೆ ಬೋಕಿಯ ಪುಡಿ. ಎಷ್ಟು ನೀರು ಹಾಕಿ ಕಲಸಿದರೂ ಮತ್ತೆ ತಿಗರಿಗೆ ಬರುವುದಿಲ್ಲ.

ನಾನು ಹುಟ್ಟಿದ್ದು ಕೃಷ್ಣಗಿರಿ ಪಕ್ಕದ ಒಂದು ಕುಂಬಾರ ಮನೆಯಲ್ಲಿ, ಸೇರಿದ್ದು ಬಾಗಲೂರಿನಾಚೆಯ ಇನ್ನೊಂದು ಕುಂಬಾರ ಮನೆಯನ್ನು. ತವರಿನಲ್ಲಿ ತೆಲುಗು, ಮೂರನೇ ಕ್ಲಾಸಿನವರೆಗೆ ಓದಿದ್ದು ತಮಿಳು, ಮದುವೆಯಾದ ಮೇಲೆ ಬೈಸಿಕೊಂಡದ್ದೆಲ್ಲ ಕನ್ನಡದಲ್ಲಿ. ಕನ್ನಡ ಅಕ್ಷರ ಬರೆಯಲು ಕಲಿತದ್ದು ನನ್ನ ಮಗಳು ಸ್ಲೇಟು ಹಿಡಿದ ಮೇಲೆ, ಅವಳ ಪಕ್ಕದಲ್ಲಿ ಕೂತು. ಆ ಮಗಳು ಹೊಟ್ಟೆಯಲ್ಲಿದ್ದಾಗಿನ ಸಂಗತಿಯನ್ನೇ ಈಗ ಹೇಳಹೊರಟಿದ್ದೇನೆ.

ಯುದ್ಧದ ಕಾಲ. ಹೊಸೂರಿನ ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯೂ ಇಲ್ಲ, ಅಲ್ಯೂಮಿನಿಯಂ ಪಾತ್ರೆಯೂ ಇಲ್ಲ. ಮಣ್ಣಿನ ಮಡಕೆಯಲ್ಲಿ ಉಣ್ಣುವುದು ಬಡವರ ಹಣೆಬರಹ ಎಂದು ಮೂಗು ಮುರಿದಿದ್ದ ಮನೆಗಳೆಲ್ಲ ನಮ್ಮ ಹಟ್ಟಿಯ ಮುಂದೆ ಬಂದು ನಿಂತವು. ಗುಮ್ಮಳಾಪುರದ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅವರೆಲ್ಲ ಬರುತ್ತಿದ್ದದ್ದು ನಮ್ಮ ಮಾವನ ಆವಿಗೆಯ ಮೇಲಿನ ನಂಬಿಕೆಯಿಂದ. ತಿಗರಿಯ ಕೆಲಸ ನನ್ನ ಗಂಡನದು. ಅವರ ಕೈ ಒಳ್ಳೆಯದು, ಬಾಯಿಗೆ ಮಾತ್ರ ಹುಟ್ಟುವಾಗಲೇ ಬೀಗ ಬಿದ್ದಿತ್ತು. ಬೆಂಕಿ ಮಾವನದು. ಆವಿಗೆಯ ಮುಂದೆ ನಿಂತು ಅವರು "ಸಾಕು" ಎಂದರೆ ಮುಗಿಯಿತು, ಆಮೇಲೆ ಯಾರೂ ಒಂದು ಕಡ್ಡಿ ಹಾಕುವಂತಿಲ್ಲ.

ಆವಿಗೆ ಎಂದರೆ ನಮ್ಮಲ್ಲಿ ಎದೆಯೆತ್ತರದ ದುಂಡು ಗೋಡೆ. ಕೆಳಗೆ ಬೆಂಕಿ ಹಾಕುವ ಬಾಯಿ, ಒಳಗೆ ಸುತ್ತು ಸುತ್ತಾಗಿ ಜೋಡಿಸಿದ ಮಡಕೆ, ಮೇಲೆ ಬೋಕಿ, ಹುಲ್ಲು, ಕೆಸರು ಮೆತ್ತಿದ ಮುಚ್ಚಳ. ಆ ಮುಚ್ಚಳದಲ್ಲಿ ಒಂದು ಕಿಂಡಿ ಬಿಟ್ಟಿರುತ್ತಾರೆ. ಬೆಳಿಗ್ಗೆ ಹಚ್ಚುವುದು ಬೆಂಕಿಯಲ್ಲ, ಹೊಗೆ. ಬೆರಣಿ ಮತ್ತು ಹೊಟ್ಟು. ಒಣಗಿದಂತೆ ಕಾಣುವ ಮಡಕೆಯೊಳಗೂ ನೀರು ಕೂತಿರುತ್ತದೆ. ಆತುರಪಟ್ಟು ಕಟ್ಟಿಗೆ ತುರುಕಿದರೆ ಆ ನೀರು ಹಬೆಯಾಗಿ ಮಡಕೆಯನ್ನು ಒಳಗಿನಿಂದ ಸಿಡಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೊಗೆಯಲ್ಲಿ ತೇವದ ವಾಸನೆ ಸತ್ತ ಮೇಲೆ ಕಟ್ಟಿಗೆ. ಮಡಕೆ ಮೊದಲು ಮಸಿ ಹಿಡಿದು ಕಪ್ಪಾಗುತ್ತದೆ, ಬಿಸಿ ಏರಿದಂತೆ ಆ ಮಸಿಯೂ ಸುಟ್ಟುಹೋಗುತ್ತದೆ. ಆಮೇಲೆ ಮಡಕೆಯೇ ಬಣ್ಣ ಬಿಡಲು ಶುರು. ಮೊದಲು ರಾಗಿಯ ಬಣ್ಣ, ಆಮೇಲೆ ಒಣಮೆಣಸಿನಕಾಯಿ, ಆಮೇಲೆ ಕನಕಾಂಬರ. ಕನಕಾಂಬರ ಬಂದರೆ ಬೆಂದಿತು. ಅಲ್ಲಿಂದ ಅರಿಶಿನಕ್ಕೆ ಹೋಯಿತೋ, ನಮ್ಮ ಕೆರೆಯ ಮಣ್ಣು ತಡೆಯದು. ಮಡಕೆಗಳು ಸೊಟ್ಟಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೊತ್ತು ಮುಳುಗುವ ಸಮಯಕ್ಕೆ ಕಿಂಡಿಯಲ್ಲಿ ಈ ಬಣ್ಣ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಬೆಳಗಿನಿಂದ ಲೆಕ್ಕ ಹಾಕಿ ಬೆಂಕಿ ನಡೆಸುತ್ತಾರೆ.

ಈ ಬಣ್ಣಗಳನ್ನು ನಾನು ಕಂಡದ್ದು ತವರಿನಲ್ಲಿ. ಗಂಡನ ಮನೆಯಲ್ಲಿ ಹೆಂಗಸರು ಕಿಂಡಿಯೊಳಗೆ ನೋಡುವಂತಿರಲಿಲ್ಲ. ಬಂದ ಹೊಸದರಲ್ಲಿ ನಾನು ನನ್ನ ಪಾಡಿಗೆ ಬಗ್ಗಿ ನೋಡಲು ಹೋದಾಗ ಅತ್ತೆ ಸೆರಗು ಹಿಡಿದು ಎಳೆದುಬಿಟ್ಟರು.

"ಹಚ್ಚಿದ ಆವಿಗೆ ಅಂದ್ರೆ ಬಸುರಿ ಕಣಮ್ಮಿ. ಬಸುರಿ ಹೊಟ್ಟೆ ಒಳಕ್ಕೆ ಯಾರಾನಾ ಇಣುಕ್ತಾರಾ?"

"ಮಾವ ಇಣುಕ್ತಾರಲ್ಲ ಅತ್ತೆ" ಎಂದೆ. ಆ ದಿನ ನನಗೆ ಹಿಟ್ಟಿನ ಜೊತೆ ಸಾರು ಬೀಳಲಿಲ್ಲ.

ನಮ್ಮಪ್ಪನ ಆವಿಗೆಯಲ್ಲಿ ಇನ್ನೊಂದು ರೂಢಿ ಇತ್ತು. ಕಿಂಡಿಯ ಹತ್ತಿರ ನಾಲ್ಕೈದು ಪುಟ್ಟ ಮುಚ್ಚಳ ಇಟ್ಟಿರುತ್ತಿದ್ದರು. ಅನುಮಾನ ಬಂದಾಗ ಕಬ್ಬಿಣದ ಕಡ್ಡಿಯಿಂದ ಒಂದನ್ನು ಎಳೆದು, ಆರಿಸಿ, ನೀರಿನಲ್ಲಿ ಹಾಕಿ ನೋಡುವುದು. ನಾಲಗೆಗೆ ಇಟ್ಟರೆ ಅಂಟಬೇಕು, ನೀರಿಗೆ ಬಿಟ್ಟರೆ ಕರಗಬಾರದು. ಇದನ್ನು ನಾನು ಅತ್ತೆಗೆ ಹೇಳಿದಾಗ, ಅದು ನಂಬಿಕೆಯಿಲ್ಲದವರ ಕೆಲಸ, ತಾಯಿಯ ಹೊಟ್ಟೆ ಕುಯ್ದು ಮಗು ಬಲಿತಿದೆಯಾ ಎಂದು ನೋಡಿದ ಹಾಗೆ ಎಂದರು. ಕೃಷ್ಣಗಿರಿಯವರಿಗೆ ಆಚಾರವಿಲ್ಲ ಎಂದೂ ಸೇರಿಸಿದರು. ನನ್ನ ತವರನ್ನು ಅಂದರೆ ನನಗೆ ತಲೆ ಕೆಡುತ್ತಿತ್ತು. ನಾನೂ ಸುಮ್ಮನಿರುವವಳಲ್ಲ, ಪಾತ್ರೆ ಕುಕ್ಕುತ್ತಿದ್ದೆ. ಮಣ್ಣಿನ ಪಾತ್ರೆಯಾದ್ದರಿಂದ ಮೆಲ್ಲಗೆ ಕುಕ್ಕಬೇಕಾಗಿತ್ತು, ಅದೇ ಕಷ್ಟ.

ಅತ್ತೆಯ ಗಂಟಲು ಬಹಳ ದೊಡ್ಡದು. ಯಾರೇ ಅಂಗಳಕ್ಕೆ ಕಾಲಿಟ್ಟರೂ ಕೂಗುವರು. "ಬನ್ನಿ ಗೌಡ್ರೇ! ಏನ್, ಬೆಳ್ಳಿ ಕೋಲ್ ಹಿಡ್ಕೊಂಡ್ ಬಂದವ್ರೆ ಗೌಡ್ರು!" "ನೋಡು, ಮೂಲೆಮನೆ ಸಿದ್ಧಿ ಬಂದವ್ಳೆ, ಜೊತೆಗೆ ಮಗೀನೂ ಕರ್ಕೊಂಬಂದವ್ಳೆ!" ಕಣ್ಣೆದುರಿಗೆ ಇರುವವರನ್ನು ಹೀಗೆ ಊರಿಗೆಲ್ಲ ಸಾರುವುದು ಏಕೆ ಎಂದು ನನಗೆ ಒಂದು ವರ್ಷ ಅರ್ಥವಾಗಲಿಲ್ಲ. ಬಾಯಿಬಡುಕಿ ಎಂದುಕೊಂಡಿದ್ದೆ. ಒಂದು ದಿನ ಅತ್ತೆ ಹೊಲಕ್ಕೆ ಹೋಗಿದ್ದರು. ಗೌಡರು ಬಂದು ಜಗಲಿಯ ಮುಂದೆ ಸುಮ್ಮನೆ ನಿಂತರು. ಮಾವ ಅವರ ಕಡೆಗೇ ಮುಖ ಮಾಡಿಕೊಂಡಿದ್ದರೂ ಏಳಲಿಲ್ಲ, "ಯಾರ್ಲಾ ಅದು, ಬಿಸಿಲಿಗೆ ಅಡ್ಡ ನಿಂತಿರೋನು" ಎಂದರು. ಗೌಡರು ತಮಾಷೆ ಎಂದುಕೊಂಡು ನಕ್ಕರು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಮಾವನ ಕಣ್ಣಿಗೆ ಪೊರೆ ಬಂದಿತ್ತು, ಅತ್ತೆ ಬಂದವರ ಹೆಸರು ಕೂಗುತ್ತಿದ್ದದ್ದು ಅವರಿಗೆ ತಿಳಿಯಲಿ ಎಂದು. ಆವತ್ತಿನಿಂದ ಅತ್ತೆಯ ಗಂಟಲಿನ ಬಗ್ಗೆ ನಾನು ಗಂಡನ ಬಳಿ ದೂರಲಿಲ್ಲ. ಮಾವನಿಗೆ ಮಾತ್ರ ತಮ್ಮ ಕಣ್ಣು ಅಷ್ಟು ಕೆಟ್ಟಿದೆ ಎಂಬುದು ಗೊತ್ತಿರಲಿಲ್ಲ. ವಯಸ್ಸಾದವರಿಗೆ ಲೋಕವೇ ಸ್ವಲ್ಪ ಮಂಕಾಗುತ್ತದೆ ಎಂದು ಅವರು ನಂಬಿದ್ದರು.

ಗೌಡರ ಮಗಳ ಮದುವೆ ಬಂತು. ಮದುವೆಗೆ ಐರಾಣಿ ಮಡಕೆ ಕುಂಬಾರರ ಮನೆಯಿಂದಲೇ ಹೋಗಬೇಕು. ಸುಣ್ಣ, ಕೆಮ್ಮಣ್ಣಿನಲ್ಲಿ ಚಿತ್ತಾರ ಬರೆದು, ಪೂಜೆ ಮಾಡಿ, ಹಸೆಮಣೆಯ ಪಕ್ಕದಲ್ಲಿ ಒಂದರ ಮೇಲೊಂದು ಇಡುತ್ತಾರೆ. ಭಾರ ಬೀಳದಿರಲಿ ಎಂದು ಅವನ್ನು ಆವಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದರು. ಆ ಸಲ ಸಿಕ್ಕ ಕಟ್ಟಿಗೆ ಹಸಿ. ಬೆಂಕಿ ಕೆಳಗೇ ಹೊರಳಾಡುತ್ತಿತ್ತು, ಮೇಲಕ್ಕೆ ಏರುತ್ತಿರಲಿಲ್ಲ. ನಡುನಡುವೆ ಒಂದು ನಾಲಗೆ ಕಿಂಡಿಯವರೆಗೆ ಚಾಚಿ ಹೋಗುತ್ತಿತ್ತು. ಪೊರೆ ಬಂದ ಕಣ್ಣಿಗೆ ಒಂದು ಕಿಡಿಯೂ ಹರಡಿಕೊಂಡು ದೊಡ್ಡದಾಗಿ ಕಾಣುತ್ತದಂತೆ. ಮಾವ ಬಗ್ಗಿ ನೋಡಿ, "ಕನಕಾಂಬರ ಬಂದೈತೆ, ಸಾಕು" ಎಂದರು. ಇನ್ನೂ ಬಿಸಿಲು ಪೂರ್ತಿ ಇಳಿದಿರಲಿಲ್ಲ. ನನ್ನ ಗಂಡ ಕೈಯಲ್ಲಿದ್ದ ಕಟ್ಟಿಗೆಯನ್ನು ನೋಡಿದರು, ಅಪ್ಪನ ಮುಖ ನೋಡಿದರು, ಕಟ್ಟಿಗೆ ಕೆಳಗಿಟ್ಟರು.

ಮೂರನೇ ದಿನ ಆವಿಗೆ ಬಿಚ್ಚಿದೆವು. ಬೆಂದ ಮಡಕೆಯನ್ನು ಬೆರಳ ಗೆಣ್ಣಿನಿಂದ ಬಡಿದರೆ ಠಣ್ ಅನ್ನುತ್ತದೆ. ಮಾವ ಕೂತು ಒಂದೊಂದನ್ನೂ ಬಡಿದು ಪಕ್ಕಕ್ಕಿಡುವುದು ಪದ್ಧತಿ. ಮೇಲಿನ ಸುತ್ತಿನವು ಮಸಿ ಹಿಡಿದೇ ಇದ್ದವು. ಅತ್ತೆ ಐರಾಣಿಗೆ ತಾವೇ ಕೈ ಹಾಕಿ, "ಇವು ಮದುವೇವು, ಬಣ್ಣ ಬಳೀಬೇಕು, ಇರಲಿ" ಎಂದು ಮಾವನ ಕೈಗೆ ಕೊಡದೆ ಒಳಗೆ ಹೊತ್ತುಕೊಂಡು ಹೋದರು. ನಾನು ಸುಣ್ಣ ಕಲಸುತ್ತಾ ಒಂದನ್ನು ಬಡಿದೆ. ಬೊದ್ ಎಂದಿತು.

"ಅತ್ತೆ, ಇವು ಬೆಂದಿಲ್ಲ."

"ಬಾಯ್ ಮುಚ್ಕೊಂಡ್ ಸುಣ್ಣ ಕಲ್ಸು. ಐರಾಣಿಗೆ ಅಕ್ಕಿ ತುಂಬ್ತಾರೆ, ನೀರ್ ಯಾರ್ ತುಂಬ್ತಾರೆ?"

ನಮ್ಮೂರಿನಲ್ಲಿ ಅಕ್ಕಿ ತುಂಬುವುದು ನಿಜ. ಆದರೆ ಗಂಡಿನ ಕಡೆಯವರು ಹೊಸೂರಿನ ಆಚೆಯವರು. ಅವರಲ್ಲಿ ಐದು ಜನ ಮುತ್ತೈದೆಯರು ಬಾವಿಯಿಂದ ನೀರು ತಂದು ಐರಾಣಿಗೆ ತುಂಬುವ ಶಾಸ್ತ್ರ. ಅತ್ತೆ ಅದನ್ನು ಕೇಳಬೇಕಿತ್ತು, ಕೇಳಲಿಲ್ಲ. ನಾವು ಚಪ್ಪರದ ಅಂಚಿನಲ್ಲಿ ನಿಂತಿದ್ದೆವು. ಹುಡುಗಿ ಹಸೆಮಣೆಗೆ ಬಂದು ಕೂತಳು, ವಾಲಗ ಜೋರಾಯಿತು, ಅಷ್ಟರಲ್ಲಿ ಕೆಳಗಿನ ಮಡಕೆ ಮೆಲ್ಲಗೆ ಕೂತುಕೊಂಡಿತು. ಅದರ ಮೇಲಿನದು ವಾಲಿತು. ಸುಣ್ಣ, ಕೆಮ್ಮಣ್ಣು, ಕೆಸರು ಎಲ್ಲ ಸೇರಿ ಹುಡುಗಿಯ ಸೀರೆಯ ಅಂಚಿನವರೆಗೆ ಹರಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ.

ಮದುವೆ ಹೇಗೋ ಮುಗಿಯಿತು. ಮಾರನೆಯ ದಿನ ಗೌಡರು ನಾಲ್ಕು ಜನ ಹಿರಿಯರೊಂದಿಗೆ ನಮ್ಮ ಅಂಗಳಕ್ಕೆ ಬಂದರು. ಮಾವ ಕೈಮುಗಿದು ನಿಂತಿದ್ದರು. ಅವರಿಗೆ ನಿಜವಾಗಿಯೂ ಹಾಗೇಕಾಯಿತೆಂದು ತಿಳಿದಿರಲಿಲ್ಲ.

"ಏನ್ ಮಾಡ್ಬುಟ್ರಿ ಇದು?" ಎಂದರು ಗೌಡರು. "ಹಸೆಮಣೆ ಮುಂದೆ ಐರಾಣಿ ಕರಗ್ತದೆ ಅಂದ್ರೆ ನನ್ ಮಗಳ ಗತಿ ಏನು?"

ನಾನು ಬಾಗಿಲ ಹಿಂದೆ ಇದ್ದೆ. ಅತ್ತೆ ಮುಂದೆ ಬಂದು, ಯಾವತ್ತೂ ಇಲ್ಲದ ತಗ್ಗಿದ ದನಿಯಲ್ಲಿ ಹೇಳಿದರು. "ಇವ್ರದ್ದು ತಪ್ಪಿಲ್ಲ ಗೌಡ್ರೆ. ನಮ್ ಸೊಸೆ ಮುಟ್ಟಾಗಿದ್ಲು. ತಿಳೀದೆ ಆವಿಗೆ ಪಕ್ಕ ದಾಟ್ಬುಟ್ಟವ್ಳೆ."

ನನ್ನ ಮೈಯೆಲ್ಲ ಉರಿದುಹೋಯಿತು. ಹೊರಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ ಎಂದು ಹೊಸ್ತಿಲವರೆಗೆ ಬಂದೆ. ಅಲ್ಲಿಂದ ಮಾವ ಕಂಡರು. ಕೈಮುಗಿದುಕೊಂಡು ಗೌಡರು ನಿಂತಿದ್ದ ಜಾಗಕ್ಕಿಂತ ಒಂದು ಮಾರು ಪಕ್ಕಕ್ಕೆ ಮುಖ ಮಾಡಿ ನಿಂತಿದ್ದರು. ಹೊಸ್ತಿಲಿನಿಂದಲೇ ಹಿಂದಕ್ಕೆ ಸರಿದೆ. ಹಿರಿಯರು ತೀರ್ಮಾನ ಹೇಳಿದರು: ಮುಂದಿನ ಆವಿಗೆ ಹಚ್ಚುವ ಮೊದಲು ಸೊಸೆಯನ್ನು ತವರಿಗೆ ಕಳಿಸಬೇಕು, ಆವಿಗೆ ಶುದ್ಧವಾಗಿ ಬಂದರೆ ಆಮೇಲೆ ಕರೆಸಿಕೊಳ್ಳಬಹುದು. ಸಂಜೆಯ ಹೊತ್ತಿಗೆ, ನಾನು ಹೊರಗೆ ಕೂತದ್ದನ್ನು ಕಾಣದವರೂ ಕಂಡೆವು ಎಂದು ಬಾವಿಯ ಹತ್ತಿರ ಹೇಳುತ್ತಿದ್ದರು.

ನಾನು ಹೊರಗೆ ಕೂತೇ ಇರಲಿಲ್ಲ. ಆವಿಗೆ ಹಚ್ಚುವುದಕ್ಕೆ ಎರಡು ತಿಂಗಳ ಹಿಂದೆಯೇ ನಿಂತಿತ್ತು. ಅದು ಅತ್ತೆಗೂ ಗೊತ್ತಿತ್ತು. ಒಂದೇ ಮನೆಯಲ್ಲಿ ಇದನ್ನು ಮುಚ್ಚಿಡಲು ಬರುವುದಿಲ್ಲ. ಗಟ್ಟಿಯಾಗಲಿ ಎಂದು ಇನ್ನೂ ಯಾರಿಗೂ ಹೇಳಿರಲಿಲ್ಲ ಅಷ್ಟೆ. ಮಾರನೆಯ ಬೆಳಿಗ್ಗೆ ಅವರು ದನದ ಗೋದಲಿಗೆ ಸಗಣಿ ಬಳಿಯುತ್ತಿದ್ದಾಗ ನಾನು ಮುಂದೆ ಹೋಗಿ ನಿಂತೆ.

"ಅತ್ತೆ, ಊರೋರಿಗೆಲ್ಲ ಈ ತಿಂಗ್ಳು ಮುಟ್ಟಾಗಿದ್ಲು ಅಂದ್ಬುಟ್ರಿ. ಈಗ ತವರಿಗೆ ಕಳಿಸ್ತೀರಿ. ಅಲ್ಲಿ ಹೊಟ್ಟೆ ಕಂಡ್ರೆ, ಮುಟ್ಟಾಗಿ ತವರಿಗೆ ಹೋದೋಳು ಅಲ್ಲೇ ಬಸುರಾದ್ಲು ಅಂತಾರೆ. ಆವಾಗ ಅವರು ಬೆರಳು ಮಡಚಿ ಎಣಿಸಿದ್ರೆ, ಅದು ಯಾರ್ ಮಗು ಅಂತ ಹೇಳ್ತೀರಾ?"

ಅತ್ತೆಯ ಕೈಯಲ್ಲಿದ್ದ ಸಗಣಿಯ ಉಂಡೆ ಹಾಗೇ ನಿಂತಿತು. ಗಂಡನನ್ನು ಉಳಿಸುವ ಆತುರದಲ್ಲಿ ಅವರು ಇಷ್ಟು ದೂರ ಯೋಚಿಸಿರಲೇ ಇಲ್ಲ. ಗೋಡೆಗೆ ಒರಗಿ ಕೂತುಬಿಟ್ಟರು. "ಅಯ್ಯೋ, ನಾನೇನ್ ಮಾಡ್ಬುಟ್ಟೆ" ಎಂದರು, ಅದೂ ತೀರ ಸಣ್ಣಗೆ. ಅವರ ಮೇಲೆ ಬೆಟ್ಟದಷ್ಟು ಸಿಟ್ಟಿತ್ತು ನನಗೆ. ಆದರೂ ಆ ಮುಖ ನೋಡಿ ಇನ್ನೊಂದು ಮಾತು ಆಡಲು ಮನಸ್ಸು ಬರಲಿಲ್ಲ.

ಗೋಡೆಯ ಆಚೆ ಜಗಲಿಯಲ್ಲಿ ಮಾವ ಇದ್ದರು. ಕಣ್ಣು ಕಡಿಮೆಯಾದವರ ಕಿವಿ ಎಷ್ಟು ಚುರುಕು ಎಂದು ನಾವಿಬ್ಬರೂ ಮರೆತಿದ್ದೆವು.

"ಅವ್ವಾ, ಇಲ್ ಬಾ" ಎಂದು ನನ್ನನ್ನು ಕರೆದರು. "ನೀನ್ ಬಸುರೀನಾ?"

"ಹೂಂ ಮಾವ."

"ಅಂಗಾರೆ ಮುಟ್ಟು ಗಿಟ್ಟು ಏನೂ ಇಲ್ಲ."

"ಇಲ್ಲ."

"ಅಂಗಾರೆ ಐರಾಣಿ ಯಾಕ್ ಕರಗ್ತು?"

ನನ್ನ ಗಂಡ ತಿಗರಿ ನಿಲ್ಲಿಸಿದರು. ಒಳಗಿನಿಂದ ಅತ್ತೆಯ ಸದ್ದೂ ಇಲ್ಲ. ಮಾವ ತಮ್ಮ ಅಂಗೈಯನ್ನು ಮುಖದ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು.

"ಎಲ್ಲಾರ್ಗೂ ಗೊತ್ತಿತ್ತಾ?" ಎಂದು ಕೇಳಿದರು.

ಆ ಕ್ಷಣದಲ್ಲಿ ಅವರ ಮುಂದೆ ನಿಂತಿರುವುದು ನನಗೆ ಬಹಳ ಕಷ್ಟವಾಯಿತು. ನಾವು ಅವರಿಗೆ ಹೇಳದೆ ಇದ್ದದ್ದು ಪ್ರೀತಿಯಿಂದಲೇ, ಆದರೆ ಅವರ ಕೆಲಸ ಕೆಟ್ಟದ್ದೂ ಆ ಪ್ರೀತಿಯಿಂದಲೇ.

ಇಪ್ಪತ್ತು ದಿನಕ್ಕೆ ಮತ್ತೆ ಆವಿಗೆ ತುಂಬಿತು. ಹಚ್ಚುವ ಬೆಳಿಗ್ಗೆ ಗೌಡರೂ ಹಿರಿಯರೂ ಬಂದರು, ನನ್ನನ್ನು ಗಾಡಿ ಹತ್ತಿಸಿದ್ದಾರೋ ಇಲ್ಲವೋ ನೋಡಲು. ನನ್ನ ಸೀರೆಯ ಗಂಟು ಜಗಲಿಯ ಮೇಲೆಯೇ ಇತ್ತು. ಈ ಇಪ್ಪತ್ತು ದಿನದಲ್ಲಿ ಮಾವ ಯಾರೊಂದಿಗೂ ಸರಿಯಾಗಿ ಮಾತಾಡಿರಲಿಲ್ಲವಾದ್ದರಿಂದ, ನಾನು ಹೋಗುತ್ತೇನೆ ಎಂದೇ ತಿಳಿದಿದ್ದೆ. ಅತ್ತೆ ಈ ಸಲ ಯಾರ ಹೆಸರನ್ನೂ ಕೂಗಲಿಲ್ಲ. ಮಾವ ಕೋಲೂರಿಕೊಂಡು ಎದ್ದು ನಿಂತರು.

"ಯಾರ್ ಬಂದಿದ್ದೀರೋ ನಂಗೆ ಕಾಣಾಕಿಲ್ಲ" ಎಂದರು. "ಹೆಜ್ಜೆ ಸದ್ದಲ್ಲಿ ಗೌಡ್ರು ಅಂತ ತಿಳ್ಕೋತೀನಿ. ನನ್ ಕಣ್ಣು ಹೋಗ್ಬುಟ್ಟೈತೆ. ನಿಮ್ ಮಗಳ ಐರಾಣಿ ಹಸಿ ಬಿಟ್ಟೋನು ನಾನು. ಈ ಮಗಳು ಮುಟ್ಟಾಗಿರ್ಲಿಲ್ಲ, ಬಸುರಿ. ಮೂರ್ ತಿಂಗ್ಳು ಕಳೀತು. ಊರಲ್ಲಿ ಯಾರ್ಗಾನಾ ಎಣಿಸ್ಬೇಕು ಅನ್ನಿಸಿದ್ರೆ ಇವತ್ತಿಂದ್ಲೇ ಸರಿಯಾಗ್ ಎಣಿಸ್ಕಳ್ಳಿ."

ಗೌಡರು ಕೆಟ್ಟವರಲ್ಲ. ಆದರೆ ಅವರಿಗೆ ಇನ್ನೊಂದು ಚಿಂತೆ ಹತ್ತಿತು. "ಅಂಗಾದ್ರೆ ಸಾಕು ಅನ್ನೋರ್ ಯಾರು?"

"ನಮ್ ಸೊಸೆ."

"ಹೆಂಗ್ಸಾ? ಅದ್ರಲ್ಲೂ ಬಸುರಿ?"

"ಬಸುರಿ ಬಸುರೀನ ನೋಡೋದ್ರಲ್ಲಿ ಏನೈತೆ?" ಎಂದರು ಮಾವ. "ಕೃಷ್ಣಗಿರಿ ತಾವ ಅವ್ಳ ಅಪ್ಪನ ಮನೇಲಿ ಹೆಂಗಸ್ರು ನೋಡ್ತಾರಂತೆ. ಅಲ್ಲಿ ಮಡಕೆ ಕರಗ್ತಾವಾ ಕೇಳಿ ನೋಡಿ."

ಹಿರಿಯರಲ್ಲಿ ಒಬ್ಬರು ನಕ್ಕರು. ಒಬ್ಬರು ನಕ್ಕ ಮೇಲೆ ಉಳಿದವರಿಗೆ ಗಂಭೀರವಾಗಿರುವುದು ಕಷ್ಟ. ನನ್ನ ಗಂಡ ಹೋಗಿ ಜಗಲಿಯ ಮೇಲಿದ್ದ ಗಂಟನ್ನು ಎತ್ತಿ ಒಳಗಿಟ್ಟು ಬಂದರು. ಆ ಮನುಷ್ಯ ಒಂದು ಮಾತೂ ಆಡದೆ ನನಗೆ ಹೇಳಿದ ಒಳ್ಳೆಯ ಮಾತು ಅದು.

ಬೆಳಗಿನಿಂದ ಹೊಗೆ ಕೊಟ್ಟೆವು. ಮಧ್ಯಾಹ್ನ ಕಟ್ಟಿಗೆ ಶುರುವಾಯಿತು. ನಾನು ಕಿಂಡಿಯ ಹತ್ತಿರ, ಮಾವ ಆವಿಗೆಗೆ ಬೆನ್ನು ಮಾಡಿಕೊಂಡು ಸ್ವಲ್ಪ ದೂರದಲ್ಲಿ. ರಾಗಿ ಎಂದೆ. ಒಣಮೆಣಸಿನಕಾಯಿ ಎಂದೆ. "ಬಲಕ್ಕಾ, ಎಡಕ್ಕಾ?" ಎಂದು ಕೇಳುವರು, ಹಿಂದುಳಿದ ಕಡೆಗೆ ಬೆಂಕಿ ಹೆಚ್ಚಿಸಲು ಮಗನಿಗೆ ಹೇಳುವರು. ಬಿಸಿಲು ಇಳಿದ ಮೇಲೆ ಬಣ್ಣ ಏರಿತು. ಬೆಳಿಗ್ಗೆ ಕಿಂಡಿಯ ಬಳಿ ನಮ್ಮಪ್ಪನ ರೂಢಿಯಂತೆ ಇಟ್ಟಿದ್ದ ಮುಚ್ಚಳಗಳಲ್ಲಿ ಒಂದನ್ನು ಕಡ್ಡಿಯಿಂದ ಎಳೆದೆ, ಆರಿದ ಮೇಲೆ ಅವರ ಕೈಗೆ ಕೊಟ್ಟೆ. ಗೆಣ್ಣಿನಿಂದ ಬಡಿದರು, ಕಿವಿಯ ಹತ್ತಿರ ಇನ್ನೊಮ್ಮೆ ಬಡಿದರು, ನೀರಿನ ಚೊಂಬಿಗೆ ಹಾಕಿ ಬೆರಳಿಂದ ಉಜ್ಜಿದರು. ಬೆರಳಿಗೆ ಮಣ್ಣು ಬರಲಿಲ್ಲ. "ನೀನೇ ಹೇಳವ್ವ" ಎಂದರು. ಕಿಂಡಿಯ ತುಂಬ ಕನಕಾಂಬರ ಒಂದೇ ಸಮ ಆಗುವವರೆಗೆ ಕಾದು, ಸಾಕು ಎಂದೆ.

ಗಂಡ ಆವಿಗೆಯ ಬಾಯಿ ಮುಚ್ಚಲು ಕೆಸರು ತರಲು ಹೋದರು. ಕಿಂಡಿಯನ್ನೂ ಮುಚ್ಚಬೇಕಿತ್ತು. ಮಾವ, "ಒಂದ್ ಗಳಿಗೆ ಇರ್ಲಿ. ಎಂಗೈತೆ ಹೇಳು. ಸುಮ್ನೆ, ಕೇಳ್ಬೇಕು ಅನ್ನಿಸ್ತದೆ" ಎಂದರು. ನನಗೆ ಅಳು ಬಂತು, ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಅಷ್ಟು ಹೊತ್ತೂ ಬೆರಣಿಯ ಗುಡ್ಡೆಯ ಹತ್ತಿರ ನಿಂತಿದ್ದ ಅತ್ತೆ ಬಂದು ನನ್ನನ್ನು ಭುಜದಿಂದ ಪಕ್ಕಕ್ಕೆ ಸರಿಸಿದರು. ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಆ ಆವಿಗೆಗೆ ಮಣ್ಣು ಹೊತ್ತವರು, ಬೆರಣಿ ತಟ್ಟಿದವರು, ಒಳಗೆ ಒಮ್ಮೆಯೂ ನೋಡಿರಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಬಗ್ಗಿದರು. ಬೆಳಕು ಅವರ ಮುಖದ ಮೇಲೆ ಬಿತ್ತು. ಬಹಳ ಹೊತ್ತು ಹಾಗೇ ಇದ್ದರು. ಮಾವ ಕತ್ತು ಎತ್ತಿ ಕಾಯುತ್ತಿದ್ದರು.

ಅತ್ತೆ ಎದ್ದು ನಿಂತು ಮಾವನ ಕಡೆ ತಿರುಗಿದರು. ನೀನು, ನೀವು ಎಂಬ ಮಾತಿಲ್ಲದೆ ಬೈಯುವುದು ಆ ಕಾಲದ ಹೆಂಗಸರಿಗೆ ಚೆನ್ನಾಗಿ ಬರುತ್ತಿತ್ತು. ಅವರ ಗಂಟಲು ಮೊದಲಿನಂತೆಯೇ ದೊಡ್ಡದಾಗಿತ್ತು.

"ಇಷ್ಟ್ ವರ್ಷ ಇದನ್ನ ಒಬ್ರೇ ನೋಡ್ಕೊಂಡ್ ಇದ್ದು, ಮನೆಗ್ ಬಂದು ಒಂದ್ ಮಾತ್ ನಂಗ್ ಹೇಳ್ಬೇಕು ಅನ್ನಿಸ್ಲಿಲ್ವಾ?"